ಇಪ್ಪತ್ನಾಕನೇ ತಾರೀಖಿನ ಡಬ್ಬಿ

ಪಂಕಜಾಕ್ಷಿ ಸಿಸ್ಟರ್ ಹೆಸರು ಕೇಳಿದ್ರ ಯೆರವಡಾ ಜೇಲಿನೊಳಗಿನ ಕಳ್ಳರು ಸೈತ ಎದ್ದು ತಮ್ಮ ಹಾಸಿಗಿ ಮಡಚಿ ಇಡತಿದ್ರು. ಇದರಾಗ ಅರ್ಧ ಸುಳ್ಳದ, ಮೊದಲ ಹೇಳಿಬಿಡ್ತೀನಿ. ಜೇಲಿನ ಮಾತು ಸುಳ್ಳು, ಹಾಸಿಗಿ ಮಾತು ಖರೆ. ಸಲಾಯಿನ್ ಹಚ್ಚಿಸಿಕೊಂಡು ಮಲಗಿದ ಮುದುಕಿ, ಪಂಕಜಾಕ್ಷಿಯ ಚಪ್ಪಲಿ ಸಪ್ಪಳ ಕೇಳಿದ ಕೂಡಲೇ ಇನ್ನೊಂದ ಕೈಲೆ ಚಾದರದ ಮೂಲಿ ಜಗ್ಗಿ ಸರಿ ಮಾಡ್ಕೊಳ್ಳೋದನ್ನ ನೋಡಿದವರು ಅದಾರ. ಆ ಮುದುಕಿ ನಾನ ಇರಬಹುದು, ಅದ ಬಿಡ್ರಿ.

ಜೇಲಿನ ಗ್ವಾಡಿ ದಾಟಿ, ಬಾಯಾಗಿನ ಎಲಿ ಅಡಕಿ ಮುಗಿಯೋಷ್ಟ ದೂರ ನಡದ್ರ ಒಂದು ಧರ್ಮಾರ್ಥ ದವಾಖಾನಿ ಸಿಗತದ. ಅದರ ಮೂರನೇ ಮಜಲಿನಾಗ ಎದುರಾಬದುರಾ ಎರಡು ವಾರ್ಡು. ಈ ಕಡೆ ಹೆಣ್ಣಮಕ್ಕಳದು, ಅದರ ಇನ್‌ಚಾರ್ಜ್ ಸಿಸ್ಟರ್ ಪಂಕಜಾಕ್ಷಿ. ಆ ಕಡೆ ಗಂಡಸರದು, ಅದರ ಇನ್‌ಚಾರ್ಜ್ ಶೀತಲ. ನಡುವ ಹತ್ತ ಹೆಜ್ಜಿ ವರಾಂಡಾ. ಆ ಹತ್ತ ಹೆಜ್ಜಿ ಪಂಕಜಾಕ್ಷಿಗೆ ಇಲ್ಲಿಂದ ರೇಲ್ವೆ ಹತ್ತಿ ದೌಂಡಿಗೆ ಹೋದಷ್ಟ ದೂರ ಆಗಿತ್ತು. ಆರ ತಿಂಗಳಿಂದ ಒಮ್ಮೆಯೂ ದಾಟಿದ್ದಿಲ್ಲ. ಕಾಲು ದಾಟಲಿಲ್ಲ ಖರೆ, ಕಣ್ಣು ಮಾತ್ರ ದಿನಾ ನೂರಾ ಎಂಟ ಸಲ ಹೋಗಿ ಬರತಿತ್ತು.

ಪಂಕಜಾಕ್ಷಿ ಇಂಡಿ ಕಡೆಯಾಕಿ. ಗಂಡ ಮಾರ್ತಾಂಡ ಮಾರ್ಕೆಟ್ ಯಾರ್ಡಿನಾಗ ಉಳ್ಳಾಗಡ್ಡಿ ವ್ಯಾಪಾರಸ್ಥರ ಹಂತ್ಯಾಕ ಗುಮಾಸ್ತ. ಶೀತಲ ಅಫಜಲಪುರ ಕಡೆಯಾಕಿ, ಗೌಂಡಿ ಕೆಲಸದ ಲಾಲಪ್ಪನ ಮಗಳು. ಇದೇ ದವಾಖಾನಿಯ ಮೂರನೇ ಮಜಲಿ ಕಟ್ಟುವಾಗ ಲಾಲಪ್ಪ ಇಟ್ಟಂಗಿ, ಸಿಮೆಂಟು ಹೊತ್ತಾಂವ. ಅಕಿ ನರ್ಸ್ ಕಲತು ಇಲ್ಲಿಗೆ ಬಂದಾಗ ಕೈ ಹಿಡಿದು ಕಲಿಸಿದಾಕಿ ಪಂಕಜಾಕ್ಷಿನ. ಚಾದರದ ಮೂಲಿ ಹೆಂಗ ಸಿಗಿಸಬೇಕು, ನರ ಸಿಗದ ಮುದುಕರ ಕೈಯಾಗ ಸೂಜಿ ಹೆಂಗ ಚುಚ್ಚಬೇಕು, ಪೇಶಂಟು ಸತ್ರ ಎಲ್ಲಿ ನಿಂತು ಅಳಬೇಕು, ಎಲ್ಲಾ. ಕಲಿಸುವಾಗ ಹುಡುಗಿ ಚಲೋ ಅದ ಅಂತಿದ್ಳು. ಹುಡುಗಿ ಎದುರಿನ ವಾರ್ಡಿನ ಇನ್‌ಚಾರ್ಜ್ ಆದ ದಿನದಿಂದ, ಅಪ್ಪ ಇಟ್ಟಂಗಿ ಹೊತ್ತ ಮಜಲಿ ಅಂತ ಮಗಳ ಹೆಸರಿಗೆ ಬರದ ಕೊಟ್ಟಾರೇನು ಅಂತ ಕೇಳಾಕ ಚಾಲೂ ಮಾಡಿದ್ಳು. ಕೇಳತಿದ್ದದ್ದು ಯಾರನ್ನ? ಔಷಧದ ಕಪಾಟನ್ನ.

ಈಗ ಡಬ್ಬಿ ಸುದ್ದಿಗೆ ಬರ್ತೀನಿ. ಎಲ್ಲಾ ವಾರ್ಡಿನಾಗೂ ಮುಂದಿನ ತಿಂಗಳ ಡ್ಯೂಟಿ ಹಾಳಿಯನ್ನ ಇನ್‌ಚಾರ್ಜ್ ಸಿಸ್ಟರ್ ಬರೀತಾರ. ಯಾರಿಗೆ ಬೆಳಗಿನ ಪಾಳಿ, ಯಾರಿಗೆ ರಾತ್ರಿ, ಯಾರಿಗೆ ಯಾವ ದಿನ ಸೂಟಿ. ಪಂಕಜಾಕ್ಷಿ ಇಪ್ಪತ್ತೈದಕ್ಕ ಬರಿಯಾಕಿ. ಬಾಗಲಾ ಹಾಕ್ಕೊಂಡು, ಪಟ್ಟಿ ಇಟ್ಟು ಗೆರಿ ಹೊಡದು, ಬೆಳಗಿಗೆ ನೀಲಿ, ಸಂಜಿಗೆ ಹಸರ, ರಾತ್ರಿಗೆ ಕೆಂಪ ಮಸಿ. ಹಂಗಾಗಿ ಇಪ್ಪತ್ನಾಕಕ್ಕ ಅಕಿ ಟೇಬಲ್ ಮ್ಯಾಲ ಡಬ್ಬಿ ಬಂದು ಕೂಡತಿದ್ವು. ಒಬ್ಬಾಕಿ ಶೇಂಗಾ ಹೋಳಿಗಿ, ಒಬ್ಬಾಕಿ ಪುರಣಪೋಳಿ, ಕೇರಳದ ಸಿಸ್ಟರ್ ಬಾಳಿಕಾಯಿ ಚಿಪ್ಸು. ಲಂಚ ಅನಬ್ಯಾಡ್ರಿ ಮತ್ತ. ಪ್ರೀತಿ ಅದು. ಇಪ್ಪತ್ನಾಕಕ್ಕ ಮಾತ್ರ ಉಕ್ಕಿ ಬರೋ ಪ್ರೀತಿ.

ಡಬ್ಬಿ ತಿಂದ ಮ್ಯಾಲ ಕೇಳಿದ ಸೂಟಿ ಕೊಡತಿದ್ಳೇನು? ಕೆಲವೊಮ್ಮೆ. ಎಲ್ಲಾ ಕೊಟ್ರ ಮುಂದಿನ ತಿಂಗಳ ಡಬ್ಬಿ ಯಾಕ ಬರತಾವ? ಹಿಂದಕ ಶೀತಲ ಇನ್ನೂ ಅಕಿ ಕೈಕೆಳಗ ಇದ್ದಾಗ, ಎಳ್ಳ ಅಮಾಸಿಗೆ ಊರಿಗೆ ಹೋಗಬೇಕು, ಹೊಲದಾಗ ಭೂಮಿತಾಯಿಗೆ ಎಡಿ ಮಾಡಿ ಚರಗ ಚೆಲ್ಲಬೇಕು ಅಂತ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಡಬ್ಬಿ ತುಂಬಿ ತಂದಿದ್ಳು. ಪಂಕಜಾಕ್ಷಿ ರೊಟ್ಟಿ ತಿಂದ್ಳು, ಪಲ್ಯಕ್ಕ ಉಪ್ಪ ಸ್ವಲ್ಪ ಮುಂದಾಗೇದ ಅಂದ್ಳು, ಎಳ್ಳ ಅಮಾಸಿಗೆ ರಾತ್ರಿ ಪಾಳಿ ಬರದ್ಳು. ಕೆಂಪ ಮಸಿಲೆ.

ಹಿಂಗ ನಡದಿರುವಾಗ ಅಸಿಸ್ಟಂಟ್ ಮೇಟ್ರನ್ ರಿಟೈರ್ ಆದ್ರು, ಕುರ್ಚಿ ಖಾಲಿ ಆತು. ಆ ಕುರ್ಚಿಗೆ ಪಂಕಜಾಕ್ಷಿ ಇಲ್ಲಾ ಶೀತಲ, ಮೂರನೇದವರಿಲ್ಲ ಅಂತ ಎಲ್ಲಾ ನರ್ಸ್‌ಗೋಳ ಮ್ಯಾಲಿನ ದೊಡ್ಡ ಮೇಟ್ರನ್ ಬಾಯಿ ಹೇಳಿಬಿಟ್ರು. ಅದರಾಗ ಇನ್ನೊಂದ ಅದ. ಆ ಕುರ್ಚಿ ಮ್ಯಾಲ ಕುಂತವರು ಎಲ್ಲಾ ಇನ್‌ಚಾರ್ಜ್ ಸಿಸ್ಟರ್‌ಗೋಳ ಸೂಟಿ ಬರೀತಾರ. ಅಂದ್ರ ಶೀತಲ ಕುಂತ್ರ, ಪಂಕಜಾಕ್ಷಿ ಸೂಟಿಗೆ ಲಾಲಪ್ಪನ ಮಗಳ ಮುಂದ ಹೋಗಿ ನಿಂದರಬೇಕು. ಇದನ್ನ ನೆನಸಿದಾಗೆಲ್ಲಾ ಅಕಿ ಹೊಟ್ಟ್ಯಾಗ ಒಂದ ಒಲಿ ಹೊತ್ತತಿತ್ತು. ಅದರ ಮ್ಯಾಲ ಇಡೀ ದವಾಖಾನಿಗೆ ಅನ್ನ ಬೇಯಿಸಬಹುದಿತ್ತು.

ಯಾರನ್ನ ಕೂಡಿಸಬೇಕು ಅನ್ನೋದಕ್ಕ ಮೊದಲು ಇನ್‌ಚಾರ್ಜ್ ಮಂದಿಗೆಲ್ಲಾ ಒಂದು ಟ್ರೇನಿಂಗ್ ಇಟ್ರು. ಕೈಕೆಳಗಿನ ಮಂದೀನ ಹೆಂಗ ನಡಿಸಬೇಕು, ಹೊಸಾ ರೀತಿಲೆ ವಾರ್ಡು ಹೆಂಗ ನೋಡಬೇಕು, ಅದನ್ನ ಕಲಿಸಾಕ ಮಂದಾರ ಅಂತ ಒಬ್ಬ ಸರ್ ಬಂದ. ಕುರ್ಚಿ ಕೊಟ್ರ ಕೂಡೋದಿಲ್ಲ, ಮೈಕ್ ಕೊಟ್ರ ಹಿಡಿಯೋದಿಲ್ಲ. ಗ್ವಾಡಿ ತುಂಬ ಬಣ್ಣದ ಚೀಟಿ ಹಚ್ಚತಿದ್ದ. ಮಾತು ಮಾತ್ರ ಬೆಣ್ಣಿ, ಅದೂ ಮರಾಠಿ ಬೆಣ್ಣಿ.

ಎರಡನೇ ದಿನ ಅಂವ ಎಲ್ಲಾರ ಕೈಯಾಗ ಒಂದೊಂದ ಹಾಳಿ ಕೊಟ್ಟ. ನೀವು ಒಂದ ತಿಂಗಳ ಜ್ವರ ಬಂದು ಮಲಗಿದ್ರ ನಿಮ್ಮ ವಾರ್ಡಿನಾಗ ಯಾವ್ಯಾವ ಕೆಲಸ ನಿಂತು ಹೋಗತಾವ, ಬರೀರಿ ಅಂದ. ಪಂಕಜಾಕ್ಷಿ ಮೈ ಅರಳಿತು. ಇಂಥಾ ಪ್ರಶ್ನಿಗೆ ಹದಿನೆಂಟ ವರ್ಷದಿಂದ ಕಾಯತಿದ್ಳು. ಡ್ಯೂಟಿ ಹಾಳಿ ಅಂತ ಮೊದಲ ಸಾಲು ಬರದ್ಳು. ಚಾದರದ ಕಪಾಟು, ಔಷಧದ ಕೀಲಿ, ಡಾಕ್ಟರ್ ರೌಂಡು, ಸೀನ ಬಂದ ಪೇಶಂಟಿಗೆ ದೇವರು ಒಳ್ಳೇದ ಮಾಡಲಿ ಅನ್ನೋದು, ಎಲ್ಲಾ ಬರದ್ಳು. ಹಾಳಿ ತುಂಬಿತು, ಇನ್ನೊಂದ ಹಾಳಿ ಇಸಕೊಂಡ್ಳು. ಕಡೀಕ ಮೂವತ್ತೊಂದ ಸಾಲ ಆದವು. ಓರೆಗಣ್ಣಿಲೆ ಶೀತಲನ ಹಾಳಿ ನೋಡಿದ್ಳು. ಅಕಿ ಒಂದ ಸಾಲು ಬರದು ಪೆನ್ನು ಮುಚ್ಚಿ ಕುಂತಿದ್ಳು: ‘ನನ್ನ ಹುಡುಗ್ಯಾರ ಜೋಡಿ ಸಂಜಿ ಚಾ ಕುಡಿಯೋದು.’

ಪಂಕಜಾಕ್ಷಿಗೆ ಅಕಿ ಮ್ಯಾಲ ಪಾಪ ಅನಿಸಿತು. ಹೊಟ್ಟಿಕಿಚ್ಚಿನವರಿಗೆ ಪಾಪ ಅನಿಸೋದು ಭಾಳ ಸುಖದ ಕೆಲಸ ನೋಡ್ರಿ. ಅದು ಎರಡ ನಿಮಿಷ ಇತ್ತು. ಆಮ್ಯಾಲ ಮಂದಾರ ಸರ್, ಯಾರ ಹಾಳಿ ಉದ್ದ ಅದನೋ ಅವರ ವಾರ್ಡು ಕುಂಟತದ, ಅಂದ. ಒಬ್ಬರು ಮಲಗಿದ್ರ ಕೆಲಸ ನಿಂತ್ರ ಅದು ಮುಂದಾಳತನ ಅಲ್ಲ ಅಂದ. ಶೀತಲನ ಹಾಳಿ ಎತ್ತಿ ಎಲ್ಲಾರಿಗೂ ತೋರಿಸಿದ. ಇವರ ವಾರ್ಡಿನಾಗ ಆರ ತಿಂಗಳಿಂದ ನರ್ಸ್‌ಗೋಳು ತಮ್ಮ ಡ್ಯೂಟಿ ತಾವ ಬರಕೊಳ್ಳತಾರ, ಜಗಳ ಬಂದ್ರ ತಾವ ಬಗಿಹರಿಸತಾರ, ಹೋಗಿ ನೋಡ್ರಿ ಅಂದ. ಎಲ್ಲಾರೂ ಚಪ್ಪಾಳಿ ಹೊಡದ್ರು. ಪಂಕಜಾಕ್ಷಿನೂ ಹೊಡಿಬೇಕಾತು. ಎರಡ ಬೆರಳಿಲೆ ಹೊಡದ್ಳು.

ಆಮ್ಯಾಲ ಪ್ರತಿಯೊಬ್ಬರೂ ತಮ್ಮ ಹಾಳಿಯಾಗಿಂದ ಒಂದ ಕೆಲಸ ಕೈಬಿಟ್ಟು ಹುಡುಗ್ಯಾರ ಕೈಯಾಗ ಕೊಡಬೇಕು ಅಂತ ಹುಕುಂ ಆತು. ಪಂಕಜಾಕ್ಷಿ ಸೀನೋ ಪೇಶಂಟು ಕೊಡ್ತೀನಿ ಅಂದ್ಳು. ಸರ್ ನಕ್ಕು ಮೊದಲನೇ ಸಾಲಿನ ಮ್ಯಾಲ ಬೆರಳಿಟ್ಟ. ಡ್ಯೂಟಿ ಹಾಳಿ. ಡಿಸೆಂಬರಿನ ಹಾಳಿ ಖಾಲಿ ಹಚ್ಚಬೇಕು, ಹುಡುಗ್ಯಾರು ತುಂಬಬೇಕು. ಶುಕ್ರವಾರ ನಾಕಕ್ಕ ಸರ್ ಮತ್ತ ಮೇಟ್ರನ್ ಬಾಯಿ ಬಂದು ಎರಡೂ ವಾರ್ಡು ನೋಡತಾರ, ಅದನ್ನ ನೋಡಿ ಕುರ್ಚಿ ಯಾರಿಗೆ ಅಂತ ನಿಕ್ಕಿ ಮಾಡತಾರ.

ಮರುದಿನ ಪಂಕಜಾಕ್ಷಿ ಯಮನವ್ವ ಮಾವಶೀನ ಎದುರಿನ ವಾರ್ಡಿಗೆ ಬೇಹು ಮಾಡಾಕ ಕಳಿಸಿದ್ಳು. ಯಮನವ್ವ ವಾರ್ಡು ಒರಸೋ ಆಯಾ, ಇಪ್ಪತ್ತ ವರ್ಷದ ಹಳೇ ಮಂದಿ. ಹೋದಾಕಿ ಒಂದ ತಾಸು ಬರಲಿಲ್ಲ. ಬಂದಾಗ ಮೀಸಿ ಮ್ಯಾಲ, ಅಂದ್ರ ಮೀಸಿ ಇರೋ ಜಾಗಾದ ಮ್ಯಾಲ, ಚಾದ ಕೆನಿ ಹತ್ತಿತ್ತು. ಅಲ್ಲಿಯ ಹಾಳಿ ನೋಡಾಕ ಕೋಳಿ ಕೆದರಿದ ತಿಪ್ಪಿಯಂಗ ಅದ ಅಂತ ಹೇಳಿದ್ಳು. ಎಲ್ಲಾ ಹೊಡದು ಹಾಕ್ಯಾರ, ಮ್ಯಾಲ ಬರದಾರ, ಅದನ್ನೂ ಹೊಡದು ಹಾಕ್ಯಾರ, ಬಾಣ ಎಳದಾರ, ಒಂದ ಕಡೆ ಚಾ ಚೆಲ್ಯಾರ. ನೀತಾ ಅನ್ನೋ ಹುಡುಗಿ ಕ್ರಿಸ್ಮಸ್ಸಿಗೆ ಅವರ ವಾರ್ಡಿನ ಕೇರಳದಾಕಿ ಪಾಳಿ ತಾ ತಗೊಂಡು, ಅಕಿ ಕಡಿಂದ ಸಂಕ್ರಾಂತಿ ಇಸಕೊಂಡಾಳ. ಎಲ್ಲಾರೂ ನಗತಾರ. ಕಡೀ ಮಾತು ಪಂಕಜಾಕ್ಷಿಗೆ ನಟ್ಟಿತು. ತನ್ನ ವಾರ್ಡಿನಾಗ ಹುಡುಗ್ಯಾರು ನಗೋದು ಅಕಿ ಕೇಳಿದ್ದು ಯಾವಾಗ? ಹಲ್ಲಿ ಬಿದ್ದಾಗ ಒಮ್ಮೆ, ನಾಕ ವರ್ಷದ ಹಿಂದ.

ಇಪ್ಪತ್ನಾಕಕ್ಕ, ಸೋಮವಾರ, ಖಾಲಿ ಹಾಳಿ ಗ್ವಾಡಿಗೆ ಹಚ್ಚಿದ್ಳು. ಎಂಟೂ ಹುಡುಗ್ಯಾರನ್ನ ಸಾಲಾಗಿ ನಿಲ್ಲಿಸಿ, ನಿಮ್ಮ ನಿಮ್ಮ ಡ್ಯೂಟಿ ನೀವ ಬರಕೋರಿ, ನಾ ಏನೂ ಅನ್ನೂದಿಲ್ಲ ಅಂತ ಹೇಳಿದ್ಳು. ನಗಬೇಕು ಅಂತ ನಕ್ಕಳು ಸೈತ. ಅದನ್ನ ನೋಡಿ ಹುಡುಗ್ಯಾರು ಒಂದ ಹೆಜ್ಜಿ ಹಿಂದ ಸರದ್ರು.

ಯಾರೂ ಬರೀಲಿಲ್ಲ. ಇದೇನೋ ಪರೀಕ್ಷಾ ಅದ, ಮೊದಲ ಬರದಾಕಿ ಕೆಟ್ಟಳು ಅಂತ ಅವರ ಲೆಕ್ಕ. ಮಾಯಾ ಅಂತ ಒಬ್ಬಾಕಿ ಧೈರ್ಯ ಮಾಡಿ ಪೆನ್ಸಿಲ್‌ಲೆ ಬುಧವಾರ ಸೂಟಿ ಬರದ್ಳು. ಹತ್ತ ನಿಮಿಷಕ್ಕ ಹೊಳ್ಳಿ ಬಂದು ಅಳಿಸಿದ್ಳು. ಅಳಿಸಿ, ಊದಿ, ಕೆಳಗ ಬಿದ್ದ ರಬ್ಬರಿನ ಚೂರೂ ಆರಿಸಿಕೊಂಡು ಹೋದ್ಳು, ಕೊಲಿ ಮಾಡಿದವರು ರಕ್ತ ಒರಸಿದಂಗ. ಹಾಳಿ ಹಚ್ಚಿದಂಗ ಖಾಲಿ ಉಳೀತು. ಆದ್ರ ಟೇಬಲ್ ಮ್ಯಾಲ ಎಂಟ ಡಬ್ಬಿ ಬಂದವು. ಯಾವತ್ತೂ ಎಂಟೂ ಬಂದಿದ್ದಿಲ್ಲ.

ಮಂಗಳವಾರ ಖಾಲಿ. ಬುಧವಾರ ಖಾಲಿ. ಗುರುವಾರ ಪಂಕಜಾಕ್ಷಿ ಒಬ್ಬೊಬ್ಬರನ್ನ ಕರದು, ಬರಿಯವ್ವಾ ಅಂತ ಮೆತ್ತಗ ಹೇಳಿದ್ಳು. ಎಲ್ಲಾರದೂ ಒಂದ ಉತ್ತರ, ನಿಮ್ಮ ಮರ್ಜಿ ಸಿಸ್ಟರ್. ಮದಲಿಗೆ ಈ ಮಾತು ಅಕಿ ಕಿವಿಗೆ ಓಂಕಾರ ಆಗಿತ್ತು. ಈಗ ಎದುರಿನ ವಾರ್ಡಿನ ನಗಿ ಕೇಳಿಸಿಕೋತ ಈ ಮಾತು ಕೇಳಿದ್ರ ಬೈಗಳದಂಗ ಕೇಳತಿತ್ತು.

ಶುಕ್ರವಾರ ಹನ್ನೆರಡೂವರಿಗೆ ಪೇಶಂಟುಗೋಳು ಉಂಡು ಮಲಗಿದ್ರು. ನಾಕಕ್ಕ ಮೇಟ್ರನ್ ಬಾಯಿ ಬರತಾರ. ಪಂಕಜಾಕ್ಷಿ ಗ್ವಾಡಿ ಮ್ಯಾಲಿನ ಹಾಳಿ ಕಿತ್ತು ಚಾದರದ ಕ್ವಾಣಿಗೆ ಹೋಗಿ ಒಳಗಿನ ಚಿಲಕ ಹಾಕಿದ್ಳು. ಯಮನವ್ವನ ಕಡಿಂದ ಮೊದಲ ಎಂಟ ಪೆನ್ನು ತರಿಸಿ ಇಟ್ಟಿದ್ಳು. ಎಕ್ಸ್‌ರೇ ಖೋಲಿದೊಂದು, ಕೇಸ್ ಪೇಪರ್ ಖಿಡಕಿದೊಂದು, ವಾಚಮನ್ ಕಿಸೆದೊಂದು, ಹಿಂಗ. ಒಗದ ಚಾದರದ ಗಂಟಿನ ಮ್ಯಾಲ ಹಾಳಿ ಹರವಿ, ಒಬ್ಬೊಬ್ಬರ ಹೆಸರಿಗೆ ಒಂದೊಂದ ಪೆನ್ನು, ಒಂದೊಂದ ಅಕ್ಷರ. ಒಬ್ಬಾಕಿದು ಡೊಂಕು, ಒಬ್ಬಾಕಿದು ಸಣ್ಣದು, ಒಬ್ಬಾಕಿದನ್ನ ಎಡಗೈಲೆ ಬರದ್ಳು.

ಅಕ್ಷರ ಬದಲಿ ಮಾಡೋದು ಸುಲಭ ಇತ್ತು. ಆದ್ರ ಮಾಯಾ ಆಗಿ ಬರೀಬೇಕಂದ್ರ ಮಾಯಾಗ ಏನ ಬೇಕು? ಅದನ್ನ ಯೋಚನೆ ಮಾಡಾಕ ಪಂಕಜಾಕ್ಷಿಗೆ ಒಂದ ಕ್ಷಣನೂ ಹತ್ತಲಿಲ್ಲ. ಮಾಯಾನ ಗಂಡ ಬಾಬು ದೌಂಡಿನಾಗ ರೇಲ್ವೆ ಕೆಲಸದಾಂವ, ಬುಧವಾರ ಮನಿಗೆ ಬರತಾನ. ಅಕಿಗೆ ಬುಧವಾರ. ಕೇರಳದ ಸಿಸ್ಟರಿಗೆ ಕ್ರಿಸ್ಮಸ್ಸು, ಅದರ ಹಿಂದಿನ ರಾತ್ರಿ ಸೈತ. ರುದ್ರವ್ವ ತನ್ನ ಅತ್ತೀನ್ನ ಗುರುವಾರಕ್ಕೊಮ್ಮೆ ಡಯಾಲಿಸಿಸ್‌ಗೆ ಕರಕೊಂಡು ಹೋಗತಾಳ. ಅಕಿಗೆ ಗುರುವಾರ. ಹಿಂಗ ಎಂಟೂ ಮಂದೀದು ಸರಸರ ಬರದ್ಳು. ಬರದು ಮುಗಿಸಿ ಹಾಳಿ ಮ್ಯಾಲಿಂದ ಕೆಳಗಿನ ತನಕ ಓದಿದ್ಳು. ಎಲ್ಲಾ ಗೊತ್ತಿತ್ತು. ಮದಲಿಂದ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟಿದ್ದಿಲ್ಲ.

ಕಡೀ ಸಾಲು ಅಕೀದು. ಅದನ್ನ ತನ್ನ ಕೈಲೆ, ತನ್ನ ಅಕ್ಷರಲೆ ಬರದ್ಳು. ಮೂವತ್ತೊಂದು ದಿನ, ಮೂವತ್ತೊಂದೂ ಡ್ಯೂಟಿ. ಹದಿನೆಂಟ ವರ್ಷದಿಂದ ಹಂಗ ಬರೀತಿದ್ಳು, ತಾ ಇಲ್ಲದ ದಿನ ವಾರ್ಡು ಬೀಳತದ ಅಂತ.

ನಾಕಕ್ಕ ಬಂದ್ರು. ಮಂದಾರ ಸರ್ ಹಾಳಿ ನೋಡಿ, ಇದು ಅಂದ್ರ ಬದಲಾವಣಿ, ಅಂದ. ಹುಡುಗ್ಯಾರು ಅವನ ಹಿಂದ ನಿಂತು ಕುತ್ತಿಗಿ ಚಾಚಿ ತಮ್ಮ ತಮ್ಮ ಹೆಸರು ಹುಡಿಕಿದ್ರು. ಮಾಯಾ ತನ್ನ ಬುಧವಾರಗೋಳು ನೋಡಿದ್ಳು. ಐದಕ್ಕ ಐದೂ. ಕಣ್ಣು ತುಂಬಿ ಬಂದವು. ಇದನ್ನ ನೀವ ಬರದ್ರೇನು ಅಂತ ಸರ್ ಕೇಳಿದ್ರ, ಅಕಿ ಪಂಕಜಾಕ್ಷಿಯ ಸೊಂಟದಾಗಿನ ಕೀಲಿ ಗೊಂಚಲಾ ನೋಡಿ ಹೌದ್ರಿ ಅಂದ್ಳು. ಬುಧವಾರ ಬ್ಯಾಡ ಅನ್ನೋ ಹುಚ್ಚಿ ಯಾರು?

ಸರ್ ಶೀತಲನ ಹಾಳಿಯನ್ನೂ ತರಿಸಿ ಬಾಜೂಕ ಹಿಡದ. ಚಾದ ಕಲಿ, ಬಾಣ, ಗೀಚು. ಇಲ್ಲಿ ನೋಡಿದ್ರ ಮಗ್ಗಿ ಬರದಂಗ ಸ್ವಚ್ಛ. ಮೇಟ್ರನ್ ಬಾಯಿ ಗೋಣು ಹಾಕಿದ್ರು. ಪಂಕಜಾಕ್ಷಿ ಹೊಟ್ಟಿಯಾಗಿನ ಒಲಿಗೆ ಯಾರೋ ಒಂದ ಕೊಡ ನೀರ ಹಾಕಿದಂಗಾತು. ಶೀತಲನ ಮುಖ ಬಾಡೇದೇನು ಅಂತ ನೋಡಿದ್ಳು. ಬಾಡಿದ್ದಿಲ್ಲ. ಅಕಿ ಪಂಕಜಾಕ್ಷಿಯ ಹಾಳಿ ಮುಂದ ನಿಂತು ಬೆರಳಿಟ್ಟು ಒಂದೊಂದ ಸಾಲು ಓದತಿದ್ಳು.

ಪಂಕಜಾಕ್ಷಿಗೆ ಆಗ ಹೊಳೀತು. ಎಂಟ ಮಂದಿ ಕೂಡಿ ಬರದ ಹಾಳಿಯಾಗ ಒಂದಾದ್ರೂ ಹೊಡದು ಹಾಕಿದ ಗೆರಿ ಇರಬೇಕು. ಒಬ್ಬರ ಕಾಲು ಒಬ್ಬರು ತುಳೀತಾರ, ಜಗಳ ಆಗತದ, ಅಳಿಸತಾರ. ತನ್ನ ಹಾಳಿಯಾಗ ಒಂದ ಗೀಚೂ ಇಲ್ಲ. ಮ್ಯಾಲ ಎಂಟೂ ಪೆನ್ನು ನೀಲಿ ಇದ್ರೂ, ರಾತ್ರಿ ಪಾಳಿ ಬಂದಲ್ಲೆಲ್ಲಾ ಕೈ ತನ್ನಷ್ಟಕ್ಕ ತಾನ ಕಿಸೆದಾಗಿನ ಕೆಂಪ ಪೆನ್ನು ತಗೊಂಡು ಬರದಿತ್ತು. ಎಂಟೂ ಮಂದಿ ಹೆಸರಿನ ಮುಂದ ಒಂದ ನಮೂನಿ ಕೆಂಪು. ಸರ್‌ಗ ಅದು ಶಿಸ್ತು ಕಂಡಿತು. ಆ ಕೆಂಪು ಯಾರದು ಅಂತ ಈ ಮಜಲಿನಾಗ ಎಲ್ಲಾರಿಗಿಂತ ಚಲೋ ಗೊತ್ತಿದ್ದಾಕಿ ಈಗ ಹಾಳಿ ಮುಂದ ನಿಂತಿದ್ಳು.

ಮೇಟ್ರನ್ ಬಾಯಿ ಬ್ಯಾರೆ ಅದ ಹೊತ್ತಿನಾಗ, ಶೀತಲ, ನೀವು ಆರ ತಿಂಗಳ ಮಾಡೀರಿ, ಈ ಹಾಳಿ ಬರೋಬರಿ ಅದನೋ ಇಲ್ಲೋ ನೀವ ಹೇಳ್ರಿ, ಅಂತ ಮರಾಠಿಲೆ ಕೇಳಿದ್ರು.

ಉಪ್ಪ ಮುಂದಾದ ಆ ಭಜ್ಜಿ ಪಲ್ಯ ಎಷ್ಟೋ ವರ್ಷದ ಮ್ಯಾಲ ಪಂಕಜಾಕ್ಷಿ ಬಾಯಾಗ ಬಂತು. ಈಗ ಒಂದ ಮಾತು ಸಾಕು. ಕುರ್ಚಿ ಹೋತು, ಮಾನ ಹೋತು, ಹುಡುಗ್ಯಾರ ಬುಧವಾರ, ಗುರುವಾರನೂ ಹೋದವು.

ಶೀತಲ ಹಿಂದಕ್ಕ ಹೊಳ್ಳಿದ್ಳು. ಮೇಟ್ರನ್ ಬಾಯಿಗೂ ಸರ್‌ಗೂ ತಿಳೀದಂಗ ಕನ್ನಡದಾಗ ಕೇಳಿದ್ಳು.

“ಅಕ್ಕಾರ, ಎಳ್ಳ ಅಮಾಸಿ ದಿನಾನೂ ಡ್ಯೂಟಿ ಹಾಕ್ಕೊಂಡೀರಲ್ಲ. ಇಂಡಿಯಾಗಿನ ಹೊಲಕ್ಕ ಚರಗ ಯಾರು ಚೆಲ್ಲಬೇಕ್ರಿ?”

ಶೀತಲ ಕೈ ಚಾಚಿದ್ಳು. ಪೆನ್ನು ಕೇಳಾಕ. ಪಂಕಜಾಕ್ಷಿ ಕಿಸೆದಾಗಿನ ಕೆಂಪ ಪೆನ್ನು ತಗದು ಕೊಟ್ಳು. ಶೀತಲ ಕಡೀ ಸಾಲಿನಾಗ ಹತ್ತೊಂಬತ್ತನೇ ತಾರೀಖಿನ ಡ್ಯೂಟಿ ಮ್ಯಾಲ ಒಂದ ದಪ್ಪ ಗೆರಿ ಹೊಡದು, ಮ್ಯಾಲ ಸೂಟಿ ಅಂತ ಬರದ್ಳು. ಆ ಸ್ವಚ್ಛ ಹಾಳಿಯಾಗ ಅದೊಂದ ಗೀಚು.

“ಈಗ ನೋಡ್ರಿ ಅಕ್ಕಾರ, ಮಂದಿ ಬರದಂಗ ಆತು.”

ಆಮ್ಯಾಲ ಮೇಟ್ರನ್ ಬಾಯಿ ಕಡೆ ತಿರುಗಿ, ಬರೋಬರ್ ಆಹೆ ಮ್ಯಾಡಂ, ಅಂದು ತನ್ನ ಚಾ ಕಲಿ ಹಾಳಿ ಸುತ್ತಿಕೊಂಡು ವರಾಂಡಾ ದಾಟಿ ಹೋದ್ಳು.

ಪಂಕಜಾಕ್ಷಿಗೆ ಏನನಿಸಬೇಕಿತ್ತು? ಉಪಕಾರ ಅನಿಸಬೇಕಿತ್ತು. ಕಣ್ಣೀರ ಬರಬೇಕಿತ್ತು. ಅದು ಆಮ್ಯಾಲ ಬಂತು, ಚಾದರದ ಕ್ವಾಣಿಯಾಗ, ಅಳೋದಿದ್ರ ಇಲ್ಲಿ ಅಳಬೇಕು ಅಂತ ತಾನ ಶೀತಲಗ ಕಲಿಸಿದ ಜಾಗಾದಾಗ ನಿಂತು. ಮೊದಲ ಬಂದದ್ದು ಹೊಟ್ಟಿಕಿಚ್ಚ. ಇಂಥಾದ್ದೊಂದು ಮಾತು, ಇಂಥಾದ್ದೊಂದು ಗೆರಿ ಇಷ್ಟ ವರ್ಷದಾಗ ತನಗ ಒಮ್ಮೆಯೂ ಯಾಕ ಹೊಳೀಲಿಲ್ಲ? ಇದನ್ನ ಅಕಿಗೆ ಕಲಿಸಿದವರು ಯಾರು? ತಾ ಅಂತೂ ಕಲಿಸಿದ್ದಿಲ್ಲ. ಹಿಂಗ ಉರಕೋತ ಉರಕೋತ ಸಂಜಿ ಎಂಟೂ ಹುಡುಗ್ಯಾರನ್ನ ಕರದು, ಜನವರಿ ಹಾಳಿ ನೀವ ಬರೀಬೇಕು, ಹೊಡದಾಡಿ ಬರೀರಿ, ಗೀಚು ಇಲ್ಲಂದ್ರ ನಾ ಒಪ್ಪೂದಿಲ್ಲ ಅಂತ ತಾಕೀತು ಮಾಡಿದ್ಳು. ಎಳ್ಳ ಅಮಾಸಿಗೆ ಗಂಡನ್ನ ಕಟಗೊಂಡು ಇಂಡಿಗೆ ಹೋಗಿ ಬಂದ್ಳು. ವಾರ್ಡು ಬೀಳಲಿಲ್ಲ. ಅದಕ್ಕೂ ಸ್ವಲ್ಪ ಸಿಟ್ಟ ಬಂತು.

ಹೊಸಾ ಅಸಿಸ್ಟಂಟ್ ಮೇಟ್ರನ್ ಯಾರು ಅನ್ನೋ ನೋಟಿಸು ಡಿಸೆಂಬರ್ ಇಪ್ಪತ್ತೆರಡಕ್ಕ ಹಚ್ಚಿದ್ರು. ಇಪ್ಪತ್ನಾಕಕ್ಕ ಆ ವರಾಂಡಾದಾಗ ಒಂದ ಡಬ್ಬಿ ಹತ್ತ ಹೆಜ್ಜಿ ನಡೀತು. ಯಮನವ್ವ ಕಣ್ಣಾರೆ ನೋಡ್ಯಾಳ. ಒಳಗ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ. ಉಪ್ಪ ಈ ಸಲ ಸರೀ ಇತ್ತಂತ. ಕೊಟ್ಟಾಕಿ ಸೂಟಿ ಕೇಳಾಕ ಕೊಟ್ಟಳೋ, ಸುಮ್ಮ ತಿನ್ನಲಿ ಅಂತ ಕೊಟ್ಟಳೋ ಯಮನವ್ವಗ ತಿಳೀಲಿಲ್ಲ. ಆ ಡಬ್ಬಿ ಯಾವ ವಾರ್ಡಿನ ಬಾಗಲದಿಂದ ಹೊಂಟು ಯಾವ ವಾರ್ಡಿನ ಬಾಗಲಕ್ಕ ಹೋತು ಅನ್ನೋದು ನನಗ ಗೊತ್ತದ. ನೀವ ಹೇಳ್ರಿ ನೋಡೋಣ.